ಹದಿನೆಂಟು ಸೆಂಟು

ಮಾರ್ಚ್ ೧೬, ಭಾನುವಾರ. ತದಡಿ ಬಂದರು. ಮಳೆ: ೬೨ ಸೆಂಟು

ಕುರುಡು ಮಳೆರಾಯನ ಕಥೆಯನ್ನು ಮೊದಲು ಹೇಳಿದವಳು ನಮ್ಮಜ್ಜಿ ಮುದ್ದಮ್ಮ. ಹೇಳಿದ್ದು ನಾನು ಎರಡನೇ ಕ್ಲಾಸಿನಲ್ಲಿದ್ದಾಗ, ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟ ವರ್ಷ, ವಸ್ತಾರೆ ಹತ್ತಿರದ ನಮ್ಮ ಮನೆಯ ಕಾಫಿ ಕಣದಲ್ಲಿ ಕೂತು. ಕೇಳಿದವರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬ ರಸ್ತೆಯಾಚೆ ತೋಟದ ರಾಜೀವ.

ಇದನ್ನು ಇಲ್ಲಿ ಯಾಕೆ ಬರೆದಿಡುತ್ತಿದ್ದೇನೆ ಅಂದರೆ, ಇವತ್ತು ಸಂಜೆ ಮೀನು ಹರಾಜಿನ ಶೆಡ್ಡಿನಲ್ಲಿ ರಾಜೀವ ಆ ಕಥೆಯನ್ನು ಮೂವತ್ತು ಜನರ ಮುಂದೆ ಹೇಳಿದ. "ನಮ್ಮೂರ ಕಡೆ ಒಂದು ಕಥೆ ಉಂಟು" ಅಂತ ಅಲ್ಲಿನ ಮೀನುಗಾರರ ರಾಗದಲ್ಲೇ ಶುರು ಮಾಡಿದ. ಅಜ್ಜಿಯ ಹೆಸರು ಎತ್ತಲಿಲ್ಲ. ನಾನು ಅಲ್ಲೇ ಐಸ್ ಪೆಟ್ಟಿಗೆ ಮೇಲೆ ಕೂತಿದ್ದೆ.

ಕಥೆ ಇಷ್ಟು. ಮಳೆರಾಯನಿಗೆ ಎರಡೂ ಕಣ್ಣಿಲ್ಲ. ಹೆಗಲ ಮೇಲೆ ನೀರಿನ ತೊಗಲ ಚೀಲ ಹೊತ್ತು ಊರೂರು ತಿರುಗುತ್ತಾನೆ. ಯಾರ ಹೊಲ ನೆನೆದಿದೆ, ಯಾರದು ಒಣಗಿದೆ ಅವನಿಗೆ ಕಾಣದು. ಅದಕ್ಕೇ ಪ್ರತಿ ಮನೆ ಮುಂದೆ ನಿಂತು ಕೇಳುತ್ತಾನೆ, "ನೆನೆದಿದೀರಾ, ಒಣಗಿದೀರಾ?" ಮೂಡಲ ಮನೆಯವನು "ಒಣಗಿದೀವಿ ತಂದೆ" ಅಂದ. ಅವನ ಹೊಲಕ್ಕೆ ಧೋ ಅಂತ ಸುರಿಯಿತು. ಪಡುವಲ ಮನೆಯವನು ಬೇಲಿ ಮೇಲಿಂದ ಅದನ್ನು ನೋಡಿದ. ಆ ಮೂಡಲ ಮನೆಯವನ ಎದುರಿಗೆ ತಾನು ಒಣಗಿದವನು ಅನ್ನಿಸಿಕೊಳ್ಳಲು ಅವನಿಗೆ ಆಗಲಿಲ್ಲ. "ನೆನೆದಿದೀವಿ, ಬೇಕಾದಷ್ಟು ನೆನೆದಿದೀವಿ" ಅಂದ. ಮಳೆರಾಯ "ಸಂತೋಷ" ಅಂತ ಚೀಲದ ಬಾಯಿ ಕಟ್ಟಿಕೊಂಡು ಮುಂದಿನ ಊರಿಗೆ ಹೋದ. ಪಡುವಲ ಮನೆಯವನು ಒಣ ಹೊಲದ ನಡುವೆ ಕೊಡೆ ಬಿಚ್ಚಿಕೊಂಡು ಕೂತ.

ರಾಜೀವ ಆ ಕೊಡೆ ಬಿಚ್ಚುವುದನ್ನು ಮಾಡಿ ತೋರಿಸಿದ್ದಕ್ಕೆ ಮೀನುಗಾರರು ಬಿದ್ದು ಬಿದ್ದು ನಕ್ಕರು. ತಾಂಡೇಲ, ಅಂದರೆ ಅಲ್ಲಿನ ದೊಡ್ಡ ಬೋಟಿನ ಯಜಮಾನ, ಕಣ್ಣೊರೆಸಿಕೊಂಡ. ನಾನೂ ನಗಬೇಕಾಯಿತು.

ಅಜ್ಜಿಯ ಕಥೆಗೆ ಇನ್ನೂ ಒಂದು ತುಂಡು ಇದೆ. ಅದನ್ನು ಹೇಳುವ ಹೊತ್ತಿಗೆ ರಾಜೀವನನ್ನು ಅವರಮ್ಮ ಊಟಕ್ಕೆ ಕರೆದುಕೊಂಡು ಹೋಗಿದ್ದರು. ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದೇ ಇರಲಿ. ಅದೊಂದಾದರೂ ನನ್ನ ಹತ್ತಿರ ಇರಲಿ.

ಮಲ್ಪೆಯಿಂದ ಹೊರಟು ಒಂಬತ್ತು ದಿನ. ಹಾಯಿದೋಣಿಯಲ್ಲಿ ಪೋರಬಂದರಿನವರೆಗೆ ಹೋಗಿ ಮಳೆಗಾಲದೊಳಗೆ ವಾಪಸ್ಸು ಬರುವುದು ಅಂತ ರಾಜೀವನ ಯೋಜನೆ. ಇಪ್ಪತ್ತೆಂಟು ವರ್ಷ ಹಡಗಿನಲ್ಲಿ ದುಡಿದವನು. ಬಂದ ಮೇಲೆ ಅಪ್ಪನ ತೋಟವನ್ನು ಎರಡರಷ್ಟು ಮಾಡಿದ, ಕೆರೆ ತೋಡಿಸಿದ, ಡೀಸೆಲ್ ಇಂಜಿನ್ನು, ಸ್ಪ್ರಿಂಕ್ಲರ್ ಪೈಪು ಎಲ್ಲ ತಂದ. ಎರಡು ವರ್ಷದ ಹಿಂದೆ ಹೆಂಡತಿ ತೀರಿಕೊಂಡ ಮೇಲೆ ಈ ದೋಣಿ ಮಾಡಿಸಿ ಮುಂದುಗಡೆ 'ಕುಸುಮಾ' ಅಂತ ಅವರ ಹೆಸರು ಬರೆಸಿದ. ನನ್ನ ಹೆಂಡತಿ ವಿಶಾಲು ಅದನ್ನು ನೋಡಿ, "ನೀವು ಒಂದು ಗೋಬರ್ ಗ್ಯಾಸ್ ತೊಟ್ಟಿಗಾದ್ರೂ ನನ್ ಹೆಸರು ಇಟ್ಟಿದೀರಾ?" ಅಂದಳು.

ನಾನು ಬಂದದ್ದು ಸಮುದ್ರ ನೋಡಲಿಕ್ಕೆ ಅಂತ ಎಲ್ಲರಿಗೂ ಹೇಳಿದ್ದೇನೆ. ನಿಜ ಅಂದರೆ, ಯಾರ ಮನೆ ಮದುವೆಗೆ ಹೋದರೂ ಇವನ ಸುತ್ತ ಜನ ಕೂತು ಸಮುದ್ರದ ಕಥೆ ಕೇಳುವುದನ್ನು ನೋಡಿ ನೋಡಿ ಸಾಕಾಗಿತ್ತು. ಒಂದು ಕಾಲದಲ್ಲಿ ಆ ಜನ ನನ್ನ ಸುತ್ತ ಕೂರುತ್ತಿದ್ದರು. ನನಗೂ ಒಂದು ಸಮುದ್ರ ಬೇಕಿತ್ತು.

ಸಿಕ್ಕಿದ್ದು ತದಡಿ. ಲಕ್ಷದ್ವೀಪದ ಹತ್ತಿರ ವಾಯುಭಾರ ಕುಸಿತವಂತೆ. ಬಂದರು ಕಚೇರಿಯವರು ಎಚ್ಚರಿಕೆ ಏರಿಸಿದ್ದಾರೆ. ಯಾರೂ ಅಳಿವೆಯ ಬಾಯಿ ದಾಟಿ ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ನಲವತ್ತು ಬೋಟುಗಳ ಜೊತೆ ನಾವೂ ಕಟ್ಟಿಹಾಕಿದ ದನದ ಹಾಗೆ ನಿಂತಿದ್ದೇವೆ.

ಮಾರ್ಚ್ ೧೭, ಸೋಮವಾರ. ಮಳೆ: ೧ ಇಂಚು ೦೫

ಮನೆಯಲ್ಲಿದ್ದ ಇನ್ನೊಂದು ಮಳೆ ಗೇಜನ್ನು ಜೊತೆಗೆ ತಂದಿದ್ದೇನೆ. ಬೋಟು ನಿಲ್ಲಿಸುವ ಧಕ್ಕೆಯ ಕಂಬಕ್ಕೆ ಕಟ್ಟಿ ಬೆಳಿಗ್ಗೆ ಎಂಟಕ್ಕೆ ಅಳೆಯುವುದು. ತಾಂಡೇಲ ನೋಡಿ, "ಎಂತದ್ರೋ ಇದು? ಸಮುದ್ರಕ್ಕೆ ಎಷ್ಟು ನೀರು ಬಿತ್ತು ಅಂತ ಅಳೆಯೂದಾ?" ಅಂದ. ಅವನ ಹುಡುಗರೆಲ್ಲ ನಕ್ಕರು. ನಗಲಿ. ಅಜ್ಜನ ಕಾಲದಿಂದ ಒಂದು ದಿನವೂ ಬಿಡದೆ ಅಳೆದ ಮನೆ ನಮ್ಮದು.

ಎಂಟೂ ಐದಕ್ಕೆ ವಿಶಾಲು ಫೋನು. "ರಾತ್ರಿ ಬಂತು ರೀ." "ಎಷ್ಟು?" ಅಂದೆ. "ಹದಿನೆಂಟು ಸೆಂಟು" ಅಂದಳು. "ರಸ್ತೆಯಾಚೆ ಚೆನ್ನಾಗಿ ಹೊಡೀತು. ನಮ್ ಗೇಟಿನ ತನಕ ಬಂದು ನಿಂತ್ಹೋಯ್ತು. ಗೇಟಿನ ಒಂದು ಕಂಬ ನೆನೆದಿದೆ, ಇನ್ನೊಂದು ಒಣಗಿದೆ ನೋಡಿ."

ನೂರು ಸೆಂಟಿಗೆ ಒಂದಿಂಚು. ರೊಬಸ್ಟಾ ಹೂವಿಗೆ ಒಂದಿಂಚಾದರೂ ಬೇಕು. ಏನೂ ಬಾರದಿದ್ದರೆ ಮೊಗ್ಗು ನಿದ್ದೆಯಲ್ಲಿರುತ್ತದೆ, ಕಾಯುತ್ತದೆ. ಹದಿನೆಂಟು ಸೆಂಟು ಅಂದರೆ ಮಲಗಿದ ಮಗುವನ್ನು ಎಬ್ಬಿಸಿ ಊಟ ಹಾಕದೆ ಕೂರಿಸಿದ ಹಾಗೆ. ನಾಲ್ಕೈದು ದಿನದಲ್ಲಿ ಮತ್ತೆ ನೀರು ಬೀಳದಿದ್ದರೆ ಮೊಗ್ಗು ಕಪ್ಪಾಗಿ ಉದುರುತ್ತದೆ. ನಮ್ಮ ಹನ್ನೆರಡು ಎಕರೆಯ ಇಡೀ ವರ್ಷದ ಬೆಳೆ ಅದು.

ಫೋನು ಇಟ್ಟು ತಿರುಗಿದರೆ ರಾಜೀವ ಹಿಂದೆಯೇ ನಿಂತಿದ್ದಾನೆ, ಎರಡು ಲೋಟ ಕಾಫಿ ಹಿಡಿದುಕೊಂಡು.

"ವಿಶಾಲಮ್ಮನೋರಾ? ಏನಂತೆ? ನಂದು ಒಂದಿಂಚು ಇಪ್ಪತ್ತಂತೆ ಮಾರಾಯ! ನಮ್ ತೋಟದ ರೈಟರ್ ಮಾರಯ್ಯ ವಾಟ್ಸಾಪಲ್ಲಿ ಗೇಜಿನ ಫೋಟೋ ಕಳ್ಸಿದಾನೆ. ನಿಂದೆಷ್ಟು?"

ನಮ್ಮ ಕಡೆ ಬೆಳೆಗಾರ ಕಾಫಿ ರೇಟಿನ ಬಗ್ಗೆ ಸುಳ್ಳು ಹೇಳುತ್ತಾನೆ, ಎಕರೆ ಬಗ್ಗೆ ಹೇಳುತ್ತಾನೆ, ಹೆಣ್ಣು ನೋಡಲು ಹೋದರೆ ವಯಸ್ಸಿನ ಬಗ್ಗೆಯೂ ಹೇಳುತ್ತಾನೆ. ಮಳೆ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ. ಒಬ್ಬರ ಲೆಕ್ಕ ನಂಬಿ ಇನ್ನೊಬ್ಬರು ತೋಟ ನಡೆಸುವವರು ನಾವು.

"ನಮಗೂ ಒಂದು ಹತ್ತು" ಅಂದೆ.

ಹತ್ತು ಸೆಂಟು ಕಡಿಮೆ ಹೇಳಿದ್ದು ನಂಬಲಿ ಅಂತ. ಬಾಯಿಗೆ ಅದು ಎಷ್ಟು ಸಲೀಸಾಗಿ ಬಂತು! ಅವನು ಲೋಟ ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡ. "ಈಗ ಸಮಾಧಾನ ಆಯ್ತು ನೋಡು. ಹೂಮಳೆ ಹೊತ್ತಲ್ಲಿ ನಿನ್ನ ಎಳ್ಕೊಂಡು ಬಂದ್ನಲ್ಲ ಅಂತ ನಂಗೆ ಒಂದೇ ಸಮ ಕೊರೀತಿತ್ತು" ಅಂದ. ಸಂಜೆ ಗೋಕರ್ಣದಿಂದ ಜಿಲೇಬಿ ತರಿಸಿ ಶೆಡ್ಡಿನವರಿಗೆಲ್ಲ ಹಂಚಿದ. "ನಮ್ಮಿಬ್ಬರ ತೋಟಕ್ಕೂ ಮಳೆ ಬಂತು" ಅಂತ ಹೇಳಿ ಹಂಚಿದ. ನನಗೆ ಎರಡು ಕೊಟ್ಟ.

ತಿಂದೆ.

ಮಾರ್ಚ್ ೧೮, ಮಂಗಳವಾರ. ಮಳೆ: ೨ ಇಂಚು ೩೦

ಈ ಹಾಳು ಬಂದರಿಗೆ ಎರಡೂವರೆ ಇಂಚು ಹತ್ತಿರ ಬಂದಿದೆ. ಇಲ್ಲಿ ಯಾರಿಗೆ ಬೇಕು? ಕಲ್ಲಿನ ಮೇಲೆ, ಬಲೆ ಮೇಲೆ, ಸಮುದ್ರದ ಮೇಲೆ ಸುರಿಯುತ್ತಿದೆ. ಮಳೆರಾಯ ಕುರುಡನೇ ಸರಿ.

ವಿಶಾಲು ಕೇಳಿದಳು, "ಪೈಪು ಕೇಳಿದ್ರಾ?" ರಾಜೀವನ ತೋಟಕ್ಕೆ ಮಳೆ ಬಂದ ಮೇಲೆ ಅವನ ಇಂಜಿನ್ನು, ಪೈಪು ಎಲ್ಲ ಖಾಲಿ ಬಿದ್ದಿವೆ. ಅವನ ಕೆರೆಯಿಂದ ನಮ್ಮ ತೋಟಕ್ಕೆ ಒಂದು ರಸ್ತೆ ದಾಟಿದರಾಯಿತು. ಹಿಂದೆಯೂ ಎರಡು ಸಲ ತಂದಿದ್ದೇವೆ. ಒಂದು ಮಾತು ಅಷ್ಟೆ. ಆದರೆ ನಿನ್ನೆ ಒಂದು ಹತ್ತು ಬಂತು ಅಂದವನು ಇವತ್ತು ಪೈಪು ಯಾಕೆ ಕೇಳುತ್ತಾನೆ?

"ಕೇಳ್ತೀನಿ" ಅಂದೆ.

ಫೋನಿನ ಸದ್ದು ತಗ್ಗಿಸಿ ಧಕ್ಕೆಯ ತುದಿಗೆ ಹೋಗಿ ಮಾತಾಡಿದೆ. ಅಲ್ಲಿಗೂ ಬಂದ ಇವನು, ಕಾಫಿ ನೆಪ ಮಾಡಿಕೊಂಡು. ದಿನಾ ಎಂಟು ಗಂಟೆಗೆ ಸರಿಯಾಗಿ ನನ್ನ ಹತ್ತಿರ ಸುಳಿಯುತ್ತಾನೆ. ಕದ್ದು ಕೇಳುವ ಬುದ್ಧಿ ಯಾವಾಗ ಬಂತೋ ಇವನಿಗೆ. ದೊಡ್ಡ ತೋಟ, ಕೆರೆ, ದೋಣಿ, ಕಥೆ, ಮಳೆ ಎಲ್ಲ ಇದೆ. ಇನ್ನು ನನ್ನ ಹೆಂಡತಿ ಫೋನಿನಲ್ಲಿ ಏನು ಹೇಳುತ್ತಾಳೆ ಅನ್ನುವುದೂ ಬೇಕಂತೆ.

ಮಧ್ಯಾಹ್ನ ಒಂದು ಗಂಟೆ ಬಿಸಿಲು ಬಂತು. ಹೆಂಗಸೊಬ್ಬಳು ಧಕ್ಕೆ ಮೇಲೆ ಸಿಗಡಿ ಒಣ ಹಾಕಿದ್ದಳು. ಮೊದಲ ಹನಿ ಬಿದ್ದದ್ದೇ ನಾನು ಎಲ್ಲಿದ್ದೇನೆ ಅನ್ನುವುದನ್ನೂ ಮರೆತು, ಓಡಿ ಹೋಗಿ ಟಾರ್ಪಾಲು ಎಳೆದು ಮುಚ್ಚಿ ನಾಲ್ಕು ಮೂಲೆಗೂ ಕಲ್ಲಿಟ್ಟೆ. ಕಣದಲ್ಲಿ ಒಣ ಹಾಕಿದ ಪಾರ್ಚ್‌ಮೆಂಟ್ ಕಾಫಿ ಮುಚ್ಚುವ ಅಭ್ಯಾಸ. ಆಕೆ ಬಂದು ಟಾರ್ಪಾಲು ನೋಡಿದಳು, ನನ್ನ ಹಣೆಯ ವಿಭೂತಿ ನೋಡಿದಳು. "ಸಿಗಡಿ ತಿಂತ್ರಾ ಒಡೆಯಾ?" ಅಂದಳು. "ಇಲ್ಲಮ್ಮ" ಅಂದೆ. "ಮತ್ತೆ ಯಾಕೆ ಓಡಿ ಬಂದ್ರಿ?" ಅಂದಳು. ಒಣ ಹಾಕಿದ್ದು ಯಾರದ್ದೇ ಆದರೂ ನೆನೆಯಬಾರದು ಅಂದೆ.

ಕೈ ಇನ್ನೂ ವಾಸನೆ.

ಮಾರ್ಚ್ ೧೯, ಬುಧವಾರ. ಮಳೆ: ೧ ಇಂಚು ೪೦

ಎಂಟೂ ಐದು. ವಿಶಾಲು ಮಾತು ಶುರು ಮಾಡುವ ಮೊದಲೇ ಸಿಕ್ಕಿಬಿದ್ದೆ ಅಂತ ಗೊತ್ತಾಯಿತು.

"ಒಂದು ವಿಷ್ಯ ಕೇಳ್ಲಾ? ನಮ್ ತೋಟಕ್ಕೆ ಒಂದಿಂಚು ಹತ್ತು ಸೆಂಟು ಯಾವಾಗ ಬಂತು?"

ರಾಜೀವ ಹತ್ತಿರದಲ್ಲಿ ಇಲ್ಲ ತಾನೆ ಅಂತ ಹಿಂದೆ ತಿರುಗಿ ನೋಡಿದೆ.

"ಪೈಪು ಕೇಳೋಣ ಅಂತ ನಿನ್ನೆ ಸಂಜೆ ಮಾರಯ್ಯನ ಹತ್ರ ಹೋದೆ. 'ಅಮ್ಮಾ, ನಿಮಗೂ ಒಂದು ಹತ್ತು ಬಂದಿದೆಯಂತಲ್ಲ, ಸಾಹೇಬ್ರು ಖುಷಿಯಾಗಿ ಹೇಳಿದ್ರು' ಅಂದ. ನನ್ ಮುಖ ಎಲ್ಲಿಟ್ಕೊಳ್ಲಿ? ನಾನು ಅವನ ಮುಂದೆ ನಿಮ್ಮನ್ನ ಸುಳ್ಳ ಅನ್ಲಾ? 'ಹೌದು ಮಾರಯ್ಯ, ಮರ್ತಿದ್ದೆ' ಅಂತ ಹೇಳಿ ಬಂದೆ. ಮಳೆ ಬಂದಿದ್ದು ಮರೆಯೋ ಬೆಳೆಗಾರ್ತಿ ಎಲ್ಲಾದ್ರೂ ಇದಾಳಾ?"

"ವಿಶಾಲು..."

"ಶುಕ್ರವಾರ ಬೆಳಿಗ್ಗೆ ಪೈಪು ಮೂಡಿಗೆರೆ ಕಡೆ ಯಾರಿಗೋ ಹೋಗುತ್ತಂತೆ. ಲಾರಿ ಹೇಳಿದಾರೆ. ಮೊಗ್ಗು ಗುಲಾಬಿ ಬಣ್ಣ ತಿರುಗ್ತಿದೆ, ಇನ್ನು ಕಪ್ಪಾಗೋದೇ, ನಾನು ನೋಡ್ಕೊಂಡು ಬಂದೆ. ಪಕ್ಕದಲ್ಲೇ ಮಲಗ್ತೀರಲ್ಲ, ಒಂದು ಮಾತು ಹೇಳಕ್ಕೆ ನಾಲಿಗೆ ಸವೆಯುತ್ತಾ? ನೀವು ಹೇಳೋ ತನಕ ನಾನು ಫೋನ್ ಮಾಡಲ್ಲ. ನೀವೇ ಅಲ್ಲಿಂದ ಮಳೆ ಸುರಿಸ್ಕೊಳ್ಳಿ. ಹೆಂಗೂ ಬರುತ್ತಲ್ಲ ನಿಮಗೆ."

ಇಟ್ಟುಬಿಟ್ಟಳು.

ಇವತ್ತು ಹೇಳಬೇಕು ಅಂತ ಮೂರು ಸಲ ಬಾಯಿ ತೆರೆದೆ. ಮೊದಲ ಸಲ ಅವನು ಹಾಯಿ ಹೊಲಿಯುತ್ತಿದ್ದ. ಹೊಲಿಗೆ ಎಷ್ಟು ಸಾಪಾಗಿತ್ತು ಅಂದರೆ ಸಿಟ್ಟು ಬಂತು. ಎರಡನೇ ಸಲ ತಾಂಡೇಲನ ಜೊತೆ ಕೊಂಕಣಿಯಲ್ಲಿ ಏನೋ ಹೇಳಿ ನಗಿಸುತ್ತಿದ್ದ. ಮೂರನೇ ಸಲ ಅವನೇ ನನ್ನ ಕಡೆ ತಿರುಗಿ, "ನಿನಗೇನು ಬಿಡು, ಪುಣ್ಯವಂತ" ಅಂದ. ಯಾರು ಯಾರಿಗೆ ಹೇಳುವ ಮಾತು! ಒಂದು ಇಪ್ಪತ್ತು ಬಂದವನು ಹದಿನೆಂಟು ಸೆಂಟಿನವನಿಗೆ ಪುಣ್ಯವಂತ ಅನ್ನುವುದು! ಅಲ್ಲಿಗೆ ಮಾತು ನುಂಗಿದೆ.

ಮಾರ್ಚ್ ೨೦, ಗುರುವಾರ. ಮಳೆ: ೦೮ ಸೆಂಟು

ಎಂಟಾಯಿತು. ಎಂಟೂ ಐದು. ಎಂಟೂವರೆ. ಫೋನಿಲ್ಲ.

ರಾಜೀವ ಎರಡು ಲೋಟ ಕಾಫಿ ಹಿಡಿದು ಬಂದು ಪಕ್ಕದಲ್ಲಿ ಕೂತ. "ಇವತ್ತು ವಿಶಾಲಮ್ಮನೋರು ಮಾಡ್ಲಿಲ್ವಾ?" ಅಂದ. ಇಲ್ಲ ಅಂದೆ. "ಹುಷಾರಿದಾರೆ ತಾನೆ?" ಅಂದ. ಹ್ಞೂಂ ಅಂದೆ. ಒಂಬತ್ತರ ತನಕ ಕದಲಲಿಲ್ಲ. ನನ್ನ ಫೋನನ್ನೇ ನೋಡುತ್ತಿದ್ದ. ಆಮೇಲೆ ಆರಿದ ಕಾಫಿಯನ್ನು ನೀರಿಗೆ ಚೆಲ್ಲಿ ಎದ್ದು ಹೋದ. ಮಧ್ಯಾಹ್ನ ಸರಿಯಾಗಿ ಊಟವನ್ನೂ ಮಾಡಲಿಲ್ಲ. ಇವನಿಗೇನಾಯಿತು?

ಗಾಳಿ ತಗ್ಗಿದೆ. ನಾಳೆ ಬೆಳಿಗ್ಗೆ ಮಳೆ ಇಲ್ಲದಿದ್ದರೆ ಎಲ್ಲರನ್ನೂ ಬಿಡುತ್ತಾರಂತೆ. ಆರು ದಿನದಿಂದ ಸುಮ್ಮನೆ ಕೂತ ಜನ ಬಲೆ, ಐಸು ಅಂತ ಓಡಾಡುತ್ತಿದ್ದಾರೆ. ನನಗೆ ನಾಳೆ ಬೆಳಿಗ್ಗೆ ಅಂದರೆ ಒಂದೇ ಕಾಣುತ್ತಿತ್ತು. ರಾಜೀವನ ಗೇಟಿನಿಂದ ಪೈಪು ತುಂಬಿದ ಲಾರಿ ಹೊರಡುವುದು, ವಿಶಾಲು ಒಣಗಿದ ಕಂಬದ ಹತ್ತಿರ ನಿಂತು ನೋಡುವುದು.

ಸಂಜೆ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಕಡೆಯ ಸಂಜೆ ಅಂತ ಸಿಗಡಿ ಅಕ್ಕ ಚಹಾ ಮಾಡಿ ತಂದಿದ್ದಳು. ತಾಂಡೇಲ ಕೇಳಿದ, "ಸಾಹೇಬ್ರೆ, ಆ ಕೊಡೆಯವನು ಕಡೆಗೆ ಎಂತಾದ? ನಾಕು ದಿನದಿಂದ ನಂಗೆ ಅದೇ ತಲೆಯಲ್ಲಿ. ಹಾಗೇ ಕೂತೇ ಇದ್ದನಾ?"

ರಾಜೀವ ಬಾಯಿ ತೆರೆದ. ಈಗ ಏನೋ ಒಂದು ಕಟ್ಟಿ ಹೇಳುತ್ತಾನೆ, ಮತ್ತೆ ಎಲ್ಲರೂ ನಗುತ್ತಾರೆ ಅಂತ ಕಾದೆ.

"ನಂಗೊತ್ತಿಲ್ಲ" ಅಂದ. "ಅದು ನನ್ನ ಕಥೆ ಅಲ್ಲ. ಇವನಜ್ಜಿ ಹೇಳಿದ್ದು. ಅಷ್ಟು ಕೇಳೋದ್ರಲ್ಲಿ ನಮ್ಮಮ್ಮ ಬಂದು ಕಿವಿ ಹಿಡಿದು ಎಳ್ಕೊಂಡು ಹೋದ್ರು. ಐವತ್ತು ವರ್ಷದಿಂದ ಇವನನ್ನ ಕೇಳ್ಬೇಕು ಅಂತಿದ್ದೆ. ನಾನು ಹಡಗಲ್ಲಿ ಎಷ್ಟು ಜನಕ್ಕೆ ಹೇಳಿದೀನೋ, ಪ್ರತಿ ಸಲ ಕೊಡೆಯಲ್ಲೇ ನಿಲ್ಲುತ್ತೆ. ಹೇಳು ಮಾರಾಯ."

ಮೂವತ್ತು ತಲೆ ನನ್ನ ಕಡೆ ತಿರುಗಿದವು. ಇದಕ್ಕೇ ಅಲ್ಲವೇ ನಾನು ಬಂದದ್ದು? ಐಸ್ ಪೆಟ್ಟಿಗೆಯಿಂದ ಇಳಿದು ನೆಲದ ಮೇಲೆ ಕೂತೆ. ಅಜ್ಜಿ ಕೂರುತ್ತಿದ್ದದ್ದು ಹಾಗೇ.

ಹೇಳಿದೆ. ಕೊಡೆಯವನ ಹೆಂಡತಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು. ಗಂಡನನ್ನು ಸುಳ್ಳ ಅನ್ನಲು ಬಾಯಿ ಬರಲಿಲ್ಲ. ಮಳೆರಾಯ ಊರ ಗಡಿ ದಾಟುತ್ತಿದ್ದ. ಅವಳು ಬರಿಗಾಲಲ್ಲಿ ಓಡಿದಳು. ಹೋಗುವಾಗ ತಮ್ಮ ಹೊಲದ ಮಣ್ಣು ಒಂದು ಹಿಡಿ ತೆಗೆದುಕೊಂಡಳು. ಮಳೆರಾಯನ ಮುಂದೆ ನಿಂತು, ಏನೂ ಮಾತಾಡದೆ, ಅವನ ಅಂಗೈ ಬಿಡಿಸಿ ಆ ಮಣ್ಣು ಇಟ್ಟಳು. ಕಣ್ಣಿಲ್ಲದವನಿಗೆ ಕೈ ಇತ್ತು. ಹಿಸುಕಿ ನೋಡಿದ. ಧೂಳು. ಮಳೆರಾಯ ಕೇಳಿದ, "ಮಗಳೇ, ಇದು ಯಾರ ಹೊಲದ್ದು?"

ಅಲ್ಲಿ ನಿಂತುಬಿಟ್ಟೆ. ಅಜ್ಜಿ ಮುಂದೆ ಹೇಳಿದ ಮಾತು ನೆನಪಿತ್ತು. ಬಾಯಿಗೆ ಬಂದದ್ದು ಬೇರೆ.

"ರಾಜೀವ, ನಮ್ಮಲ್ಲಿ ಬಿದ್ದಿದ್ದು ಹದಿನೆಂಟು ಸೆಂಟು."

ಮೀನುಗಾರರಿಗೆ ಏನೂ ಅರ್ಥವಾಗಲಿಲ್ಲ. ಇದೂ ಕಥೆಯೇ ಅಂತ ಕಾದು ಕೂತರು. ರಾಜೀವನಿಗೆ ಆಯಿತು. ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

"ಭಾನುವಾರ ರಾತ್ರೀದು?"

"ಹ್ಞೂಂ."

"ನೀನು ಮಳೆ ವಿಷ್ಯದಲ್ಲಿ ಸುಳ್ಳು ಹೇಳ್ತೀಯ ಅಂತ ನಾನು..." ಅಂದವನು ಅರ್ಧಕ್ಕೇ ನಿಲ್ಲಿಸಿ ಫೋನು ತೆಗೆದ. "ಮಾರಯ್ಯ, ಲಾರಿ ಬೇಡ ಅನ್ನು. ಪೈಪೆಲ್ಲ ಈಗ್ಲೇ ರಸ್ತೆಯಾಚೆ ಮೂರ್ತಿಯೋರ ತೋಟಕ್ಕೆ ಇಳಿಸು. ಬೆಳಕಿರೋವಾಗ್ಲೇ ಇಂಜಿನ್ ಶುರು ಮಾಡು. ಯಾಕೆ ಅಂತ ಕೇಳ್ಬೇಡ. ಕೆರೆ ಬತ್ತಿದ್ರೆ ಬತ್ತಲಿ."

ಆಮೇಲೆ ನನ್ನ ಕಡೆ ನೋಡದೆ ಹೇಳಿದ, "ಅಲ್ಲ ಮಾರಾಯ, ದಿನಾ ಬೆಳಿಗ್ಗೆ ಎಂಟು ಗಂಟೆಗೆ ನಿನಗೊಬ್ರು ಫೋನ್ ಮಾಡಿ ಹೇಳೋರಿದಾರೆ. ಹದಿನೆಂಟೇ ಆಗ್ಲಿ, ಎಂಟೇ ಆಗ್ಲಿ. ನಂಗೆ ಫೋಟೋ ಬರುತ್ತೆ."

ಅಷ್ಟರಲ್ಲಿ ತಾಂಡೇಲ ತಡೆಯಲಾರದೆ, "ನಿಮ್ಮದು ಆಮೇಲೆ ಮಾಡ್ಕೊಳ್ಳಿ, ಕಥೆ ಮುಗ್ಸಿ ಮಾರ್ರೆ! ಮಳೆ ಬಂತಾ ಇಲ್ವಾ?" ಅಂದ.

"ಬಂತು" ಅಂದೆ. "ಮಳೆರಾಯ ವಾಪಸ್ಸು ಬಂದ. ಚೀಲದ ತಳದಲ್ಲಿ ಉಳಿದಿದ್ದಷ್ಟು ಸುರಿದ. ಅರ್ಧ ಹೊಲ ನೆನೆಯಿತು."

"ಇನ್ನರ್ಧ?"

"ಅದು ಸುಳ್ಳಿಗೆ ಹೋಯಿತು. ನಮ್ಮಜ್ಜಿ ಅಲ್ಲಿಗೇ ಮುಗಿಸುತ್ತಿದ್ದಳು."

ಯಾರೂ ನಗಲಿಲ್ಲ. ಸಿಗಡಿ ಅಕ್ಕ ನನ್ನ ಲೋಟಕ್ಕೆ ಇನ್ನಷ್ಟು ಚಹಾ ಹುಯ್ದಳು.

ಮಾರ್ಚ್ ೨೧, ಶುಕ್ರವಾರ. ಸಮುದ್ರದ ಮೇಲೆ

ಎಂಟು ಗಂಟೆಗೆ ಮುಂಚೆಯೇ ವಿಶಾಲು ಮಾಡಿದಳು. ರಾಜೀವ ಹಗ್ಗ ಸುತ್ತುತ್ತ ದೂರದಲ್ಲೇ ಉಳಿದಿದ್ದ. ಕರೆದು ಪಕ್ಕದಲ್ಲಿ ಕೂರಿಸಿ ಫೋನನ್ನು ಸ್ಪೀಕರಿಗೆ ಹಾಕಿದೆ. ಅವಳು ಮೊದಲು ಫೋನನ್ನು ತೋಟದ ಕಡೆ ಹಿಡಿದಳು. ಚಿಟ್ ಚಿಟ್ ಚಿಟ್ ಅಂತ ಸ್ಪ್ರಿಂಕ್ಲರು ತಿರುಗುವ ಶಬ್ದ, ಎಲೆ ಮೇಲೆ ನೀರು ಬೀಳುವ ಶಬ್ದ. ಆಮೇಲೆ ಅವಳ ದನಿ. "ಕೆಳಗಿನ ಆರು ಎಕರೆ ಉಳಿಯುತ್ತೆ ಅನ್ಸುತ್ತೆ. ಮೇಲಿನ ಪಟ್ಟೆ ಆಸೆ ಬಿಡಿ, ಕಪ್ಪಾಗಿದೆ. ರಾಜೀವಣ್ಣ ಇದಾರಾ? ಅಣ್ಣಾ, ನಿಮ್ ತೋಟದಲ್ಲಿ ನಾಕೈದು ದಿನಕ್ಕೆ ಹೂ ಅರಳುತ್ತೆ ನೋಡಿ. ಅರಳಿದ ದಿನ ಫೋನ್ ಮಾಡ್ತೀನಿ."

"ಮಾಡಿ" ಅಂದ ರಾಜೀವ. ಆಮೇಲೆ ಬಿಚ್ಚಿಯೇ ಇದ್ದ ಗಂಟನ್ನು ಬಹಳ ಹೊತ್ತು ಬಿಚ್ಚುತ್ತಿದ್ದ.

ನನಗೆ ಈಗಲೂ ರೂಪಾಯಿಗೆ ಅವನ ಹನ್ನೆರಡಾಣೆ ಹೂವು, ನನ್ನ ಆರಾಣೆ ಹೂವು ನೆನೆದರೆ ಹೊಟ್ಟೆಕಿಚ್ಚಾಗುತ್ತದೆ. ಇಲ್ಲ ಅಂದರೆ ಅದೂ ಸುಳ್ಳಾಗುತ್ತದೆ.

ಮರೆಯುವ ಮುಂಚೆ ಬೆಳಗಿನದನ್ನು ಬರೆಯಬೇಕು. ನಿನ್ನೆ ಕಥೆ ಕೇಳಿದವರೆಲ್ಲ ಸೂರ್ಯ ಹುಟ್ಟುವ ಮೊದಲೇ ಧಕ್ಕೆಗೆ ಬಂದಿದ್ದರು. ಬಂದರು ಕಚೇರಿಯ ಕಡೆ ಒಬ್ಬರೂ ನೋಡಲಿಲ್ಲ. ನನ್ನ ಗೇಜು ಕಟ್ಟಿದ ಕಂಬದ ಸುತ್ತ ನಿಂತಿದ್ದರು. ಆರು ದಿನ ನಕ್ಕವರು ಈಗ ದಾರಿ ಬಿಟ್ಟರು. ಗೇಜಿನ ಬಾಟಲಿ ಬಿಚ್ಚಿ ಬೆಳಕಿಗೆ ಹಿಡಿದೆ.

"ಎಷ್ಟ್ರೋ ಒಡೆಯಾ?" ಅಂದ ತಾಂಡೇಲ.

ನಮ್ಮೂರಿನಲ್ಲಿ ಆ ಮಾತನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ತಲೆ ತಗ್ಗಿಸಿ, ಬಾಯೊಳಗೇ ಹೇಳಿಕೊಂಡು, ಪುಸ್ತಕದಲ್ಲಿ ಸಣ್ಣದಾಗಿ ಬರೆಯುತ್ತೇವೆ.

"ಸೊನ್ನೆ!" ಅಂತ ಕೂಗಿದೆ.

ಅವರು ಹೋ ಅಂತ ಕೂಗಿ ಬೋಟುಗಳ ಕಡೆ ಓಡಿದರು. ಸಿಗಡಿ ಅಕ್ಕ ಟಾರ್ಪಾಲನ್ನು ಪೂರ್ತಿ ಎಳೆದು ಮಡಚಿಟ್ಟಳು. ನಲವತ್ತು ಇಂಜಿನ್ನುಗಳು ಒಂದರ ಹಿಂದೊಂದು ಶುರುವಾದವು. ಅಳಿವೆಯ ಕಡೆ ಹೋಗುವ ಒಂದೊಂದು ಬೋಟಿನವರೂ ನಮ್ಮನ್ನು ದಾಟುವಾಗ ಕೈಯೆತ್ತಿ ನನ್ನನ್ನೇ ಕೇಳಿದರು, "ಎಷ್ಟು?" ನಲವತ್ತು ಸಲವೂ ಹೇಳಿದೆ.